2505ರ ಅಕ್ಕಪಕ್ಕ

ಗಾಮಾ ದತ್ತಾಂಶದ ವಿಶ್ಲೇಷಣೆಗೆ ಬರೆದ ಹೊಸ ಕೋಡ್ ಯಾರಾದರೂ ತೋರಿಸಿದರೆ ನಾನು ಮೊದಲು ಕೇಳುವುದು ಕೋಬಾಲ್ಟ್-60ರ ಸ್ಪೆಕ್ಟ್ರಂ. ಅದರ 1173 ಮತ್ತು 1332 ಕೆಇವಿ ಪೀಕುಗಳನ್ನು ಎಂಥ ಕೋಡಾದರೂ ತೋರಿಸೀತು. ನನ್ನ ಕಣ್ಣು ಹೋಗುವುದು ಅವುಗಳಾಚೆಯ ಬಯಲಿಗೆ.

ಅವೆರಡರ ಮೊತ್ತವಾದ 2505ರಲ್ಲಿ ಪುಟ್ಟ ಪೀಕ್ ಇದ್ದರೆ ಅಡ್ಡಿಯಿಲ್ಲ. ಒಂದೇ ನ್ಯೂಕ್ಲಿಯಸ್ ಬೆನ್ನುಬೆನ್ನಿಗೆ ಬಿಟ್ಟ ಎರಡು ಕಿರಣ ಒಟ್ಟಿಗೇ ಒಂದು ಡಿಟೆಕ್ಟರ್ ಹೊಕ್ಕಿವೆ, ಅಷ್ಟೆ. ಆದರೆ 2346ರಲ್ಲೋ 2665ರಲ್ಲೋ ಏನಾದರೂ ತಲೆ ಎತ್ತಿದರೆ ಸಂಶಯ ಪಡಬೇಕು. ಅವು 1173ರ ಮತ್ತು 1332ರ ಎರಡರಷ್ಟು. ಒಂದೇ ನ್ಯೂಕ್ಲಿಯಸ್ಸಿನಿಂದ ಬರಲಾರವು. ಸಂಬಂಧವೇ ಇಲ್ಲದ ಎರಡು ಕ್ಷಯಗಳಿಗೆ ಗಂಟು ಬಿದ್ದಿದೆ. ಮೂಲ ದುರ್ಬಲವಾಗಿದ್ದೂ ಹೀಗಾದರೆ, ಜೊತೆಜೊತೆಗೆ ಬಂದ ಹಿಟ್‌ಗಳನ್ನು ಕೂಡಿಸಲು ಕೋಡ್ ಇಟ್ಟುಕೊಂಡ ಟೈಮ್ ವಿಂಡೋ ವಿಪರೀತ ಅಗಲವಾಗಿದೆ ಎಂದೇ ನನ್ನ ಮೊದಲ ಗುಮಾನಿ.

ಕೂಡಿಸುವ ಉಸಾಬರಿಯಾದರೂ ಯಾಕೆ? ಕ್ಲೋವರ್ ಡಿಟೆಕ್ಟರಿನಲ್ಲಿ ನಾಲ್ಕು ಜರ್ಮೇನಿಯಂ ಹರಳುಗಳು ಒತ್ತೊತ್ತಾಗಿ ಕೂತಿರುತ್ತವೆ. ಕಿರಣ ಒಂದರಲ್ಲಿ ಅರೆಬರೆ ಶಕ್ತಿ ಕಳೆದುಕೊಂಡು, ಚದುರಿ, ಉಳಿದದ್ದನ್ನು ಪಕ್ಕದ್ದರಲ್ಲಿ ಸುರಿಯುವುದುಂಟು. ಆ ಎರಡನ್ನೂ ಕೂಡಿಸಿಕೊಂಡರೆ 1332ರ ಪೀಕಿನ ಎಣಿಕೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಇದೇ ಆ್ಯಡ್‌ಬ್ಯಾಕ್. ಬಿಡಲಾಗದ ಲಾಭ.

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 24 ಕ್ಲೋವರ್‌ಗಳ 'ಇಂಗಾ' ವ್ಯೂಹಕ್ಕೆ ಅಳವಡಿಸಿದ ಡಿಜಿಟಲ್ ವ್ಯವಸ್ಥೆ ನನಗೆ ಇಷ್ಟವಾಗುವುದು ಇಲ್ಲೇ. ಪಿಕ್ಸಿ-16 ಕಾರ್ಡುಗಳು ಸಿಗ್ನಲನ್ನು ಸೆಕೆಂಡಿಗೆ 10 ಕೋಟಿ ಸಲ ಅಳೆದು, ಹಿಟ್‌ಗಳಿಗೆ ಸಮಯದ ಮುದ್ರೆ ಒತ್ತುತ್ತವೆ. ಯಾವುದು ಯಾವುದರ ಜೊತೆಯದು ಎಂದು ಹೊಂದಿಸುವ ಕೆಲಸ ಆಮೇಲೆ, ಅಲ್ಲಿಯವರೇ ಬರೆದ 'ಮಾರ್ಕೋಸ್' ಪ್ರೋಗ್ರಾಂನದು. ವಿಂಡೋ ಸರಿಹೋಗಲಿಲ್ಲವೋ, ಮತ್ತೆ ಬೀಮ್ ಟೈಮಿಗೆ ಕೈಚಾಚಬೇಕಿಲ್ಲ. ಅದೇ ಫೈಲನ್ನು ಇನ್ನೊಮ್ಮೆ ಓಡಿಸಿದರಾಯಿತು.

ಗ್ರಾಫಿಗೆ, ಫಿಟ್ಟಿಂಗಿಗೆ ಸರ್ನ್‌ನ 'ರೂಟ್' ಇದ್ದೇ ಇದೆ. 1990ರ ದಶಕದ ನಡುವೆ ರೆನೆ ಬ್ರನ್, ಫಾನ್ಸ್ ರಾಡೆಮೇಕರ್ಸ್ ಶುರು ಮಾಡಿದ್ದು. ಅದನ್ನೇ ಮೊದಲಿನಿಂದ ಬರೆಯಲು ಕೂರುವ ಹುರುಪಿನ ಹುಡುಗರನ್ನು ಕಂಡರೆ ಪಾಪ ಅನಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸಿಗ್ನಲನ್ನು ಅಂಕಿಯಾಗಿಸುವ ಎಡಿಸಿ ಕೊಡುವ ಚಾನೆಲ್ ಪೂರ್ಣಾಂಕ. ಅದನ್ನು ಹಾಗೇ ಕೆಇವಿಗೆ ಇಳಿಸಿದರೆ ಒಂದು ಬಿನ್ನಿಗೆ ಎರಡು ಚಾನೆಲ್, ಇನ್ನೊಂದಕ್ಕೆ ಒಂದೇ ಬಿದ್ದು ಸ್ಪೆಕ್ಟ್ರಂ ಬಾಚಣಿಗೆಯಂತೆ ಹಲ್ಲುಬಿಡುತ್ತದೆ. ಮದ್ದು ಒಂದೇ ಸಾಲಿನದು: ಕ್ಯಾಲಿಬ್ರೇಷನ್ನಿಗೆ ಮುಂಚೆ ಚಾನೆಲ್ಲಿಗೆ −0.5ರಿಂದ 0.5ರೊಳಗಿನ ಯಾದೃಚ್ಛಿಕ ಸಂಖ್ಯೆ ಸೇರಿಸುವುದು. ಇದನ್ನು ಮಾಡದೆ ಕೊನೆಯಲ್ಲಿ ಸ್ಮೂದಿಂಗ್ ಮಾಡಿ ಕೈತೊಳೆದುಕೊಳ್ಳುವವರಿದ್ದಾರೆ. ಹಲ್ಲೇನೋ ಮಾಯವಾಗುತ್ತದೆ. ಜೊತೆಗೆ ಎರಡು ಮೂರು ಕೆಇವಿ ಅಂತರದ ಜೋಡಿ ಪೀಕುಗಳೂ ಕಲಸಿಹೋಗುತ್ತವೆ. ಜರ್ಮೇನಿಯಂಗೆ ಸುರಿದ ದುಡ್ಡು ನೀರುಪಾಲು.