ತೇರ್ಸ್ ಮುಗಿದ ಮೇಲೆ

ಕೊಂಕಣಿ ಕ್ರೈಸ್ತರ ಮನೆಯಲ್ಲಿ ಹಿರಿಯರಿಗೆ ಒಂದು ಲೋಟ ನೀರು ತಂದುಕೊಟ್ಟರೂ ಸಾಕು, 'ದೇವ್ ಬರೆಂ ಕರುಂ' ಎನ್ನುತ್ತಾರೆ. ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ. ಕೃತಜ್ಞತೆ ಹೇಳಲು ಆ ಭಾಷೆಯಲ್ಲಿ 'ದಿನ್ವಾಸ್' ಎಂಬ ಶಬ್ದವೂ ಉಂಟು. ಆದರೆ ನಾಲಗೆಗೆ ಮೊದಲು ಬರುವುದು ಈ ಹಾರೈಕೆಯೇ. ಪಡೆದ ಉಪಕಾರದ ಋಣ ತೀರಿಸುವ ಕೆಲಸವನ್ನು ಅದು ನೇರವಾಗಿ ದೇವರಿಗೆ ವಹಿಸಿಬಿಡುತ್ತದೆ. ಇದರಲ್ಲಿ ವಿನಯವಿದೆ, ತುಸು ಜಾರಿಕೊಳ್ಳುವ ಗುಣವೂ ಇದೆ. ದೇವರನ್ನು ನಂಬಿ ಬದುಕುವುದನ್ನು ವಿಮರ್ಶೆಯ ಕಣ್ಣಿಂದ ನೋಡುವವರು ಈ ಎರಡನ್ನೂ ಒಟ್ಟಿಗೇ ನೋಡಬೇಕು.

ಹಾಗೆ ನೋಡಲು ನಾನು ಆರಿಸಿಕೊಂಡ ನೆಲ ಬಾಯಾರು. ಅದು ಕಾಸರಗೋಡು ಜಿಲ್ಲೆಯ ಪೈವಳಿಕೆ ಪಂಚಾಯತಿಗೆ ಸೇರಿದ ಗಡಿಯ ಊರು. ಅದೇ ಪಂಚಾಯತಿಯ ಕಯ್ಯಾರಿನಲ್ಲಿ ಕ್ರಿಸ್ತರಾಜನ ಇಗರ್ಜಿ ಇದೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಹೋಯಿತು, ಇಗರ್ಜಿಗಳು ಮಾತ್ರ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಇಲ್ಲಿನ ಕ್ರೈಸ್ತ ಕೃಷಿಕ ಸರಕಾರದ ಕಾಗದಕ್ಕೆ ಮಲೆಯಾಳ, ಪೇಟೆಗೆ ಕನ್ನಡ, ತೋಟದ ಕೆಲಸಕ್ಕೆ ತುಳು, ಪ್ರಾರ್ಥನೆಗೆ ಕೊಂಕಣಿ ಎಂದು ಹಂಚಿಕೊಂಡು ಬದುಕುತ್ತಾನೆ. ಅವನ ದಿನನಿತ್ಯದ ವಿಶ್ವಾಸದ ಗುಣ ತಿಳಿಯಬೇಕಿದ್ದರೆ ಭಾನುವಾರದ ಪೂಜೆಗಿಂತ ಸಂಜೆಯ ತೇರ್ಸನ್ನು, ಅಂದರೆ ಮನೆಮಂದಿ ಕೂಡಿ ಹೇಳುವ ಜಪಸರವನ್ನು ನೋಡುವುದು ಮೇಲು. ಪೂಜೆಯನ್ನು ನಡೆಸಲು ಪಾದ್ರಿ ಇದ್ದಾರೆ. ತೇರ್ಸನ್ನು ಮನೆಯೇ ನಡೆಸಬೇಕು.

ಮೊದಲು ಅದರ ಬಲ. ಸಂಜೆಯ ಪ್ರಾರ್ಥನೆಗೆ ಕರೆಯುವ ಆಮೊರಿಯ ಗಂಟೆಯ ಹೊತ್ತು ದಾಟಿದ ಮೇಲೆ ಆಲ್ತಾರಿನ, ಅಂದರೆ ಮನೆಯ ಪ್ರಾರ್ಥನಾ ಪೀಠದ, ಎದುರು ಮೇಣದ ಬತ್ತಿ ಹಚ್ಚುತ್ತಾರೆ. ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆಯನ್ನು ರಹಸ್ಯವೆನ್ನುತ್ತಾರೆ. ಒಂದು ರಹಸ್ಯಕ್ಕೆ ಹತ್ತರಂತೆ ಐದು ರಹಸ್ಯಗಳಿಗೆ ಐವತ್ತು 'ನಮಾನ್ ಮರಿಯೆ', ಅಂದರೆ ಮರಿಯಮ್ಮನಿಗೆ ವಂದನೆಯ ಜಪ. ಅರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಎಲ್ಲರೂ ಹೇಳುತ್ತಾರೆ. ಒಂದೇ ಮಾತನ್ನು ಐವತ್ತು ಸಲ ಹೇಳುವುದರಲ್ಲಿ ಏನು ಭಕ್ತಿ ಎಂದು ಹೊರಗಿನವರು ಕೇಳಬಹುದು. ಸಾವಿನ ಮನೆಯಲ್ಲಿ ಕೂತವರಿಗೆ ಇದರ ಉತ್ತರ ಗೊತ್ತು. ಸ್ವಂತ ಮಾತು ಬತ್ತಿಹೋದ ದಿನ ಅಜ್ಜಿಯ ಕಾಲದಿಂದ ಬಂದ ಮಾತು ತಾನಾಗಿ ಬಾಯಿಗೆ ಬರುತ್ತದೆ. ಅರ್ಧ ಹೇಳುವಾಗ ಗಂಟಲು ಕಟ್ಟಿದರೆ ಉಳಿದರ್ಧವನ್ನು ಪಕ್ಕದವರು ಹೇಳುತ್ತಾರೆ. ನಂಬಿಕೆಯೆಂದರೆ ಒಬ್ಬನೇ ಎದೆಗಟ್ಟಿ ಮಾಡಿಕೊಳ್ಳುವುದಲ್ಲ ಎಂಬ ಪಾಠ ತೇರ್ಸಿನ ರಚನೆಯಲ್ಲೇ ಇದೆ. ಕೊನೆಗೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಎಂದರೆ ಆಶೀರ್ವಾದ, ಕೇಳುತ್ತಾರೆ. ಹಗಲಿಡೀ ಮುನಿಸಿಕೊಂಡ ಅಪ್ಪ ಮಗ ಆ ಒಂದು ಗಳಿಗೆಯಲ್ಲಾದರೂ ಮುಖ ನೋಡಿಕೊಳ್ಳಲೇಬೇಕು.

ಇನ್ನು ದೌರ್ಬಲ್ಯ. ತೇರ್ಸಿನ ಮೊದಲ ಶತ್ರು ಟಿವಿಯಲ್ಲ, ಮೊಬೈಲೂ ಅಲ್ಲ, ಅವಸರ. ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳ ದಿನ. ಅವುಗಳಲ್ಲಿ ಮೊದಲನೆಯದು ಗೆತ್ಸೆಮನೆ ತೋಟದ ಸಂಕಟ. ಬರಲಿರುವ ಸಾವು ತಪ್ಪಬಾರದೇ ಎಂದು ಯೇಸು ಬೆವರಿ ಬೇಡಿಕೊಂಡ ರಾತ್ರಿ ಅದು. ದೇವರನ್ನು ಪೂರ್ತಿ ನಂಬಿದವನೂ ಹೆದರುತ್ತಾನೆ, ಕೇಳುತ್ತಾನೆ, ಕೇಳಿದ್ದು ಸಿಗದೆಯೂ ಎದ್ದು ನಡೆಯುತ್ತಾನೆ ಎಂಬ ದೊಡ್ಡ ಮಾತು ಅಲ್ಲಿದೆ. ನಮ್ಮ ಮನೆಗಳಲ್ಲಿ ಆ ರಹಸ್ಯದ ಹೆಸರನ್ನು ಒಂದೇ ಉಸಿರಿಗೆ ಹೇಳಿ ಮುಂದಿನ ಹತ್ತು ಮಣಿಗಳನ್ನು ಓಡಿಸುತ್ತೇವೆ. ಇದೇ ತಾಲೂಕಿನ ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು 'ಗೋಲ್ಗೊಥಾ' ಖಂಡಕಾವ್ಯ ಬರೆದರು. ಕ್ರೈಸ್ತರಲ್ಲದ ಕವಿ ಯೇಸುವಿನ ಕಡೆಯ ದಿನಕ್ಕಾಗಿ ಒಂದು ಕಾವ್ಯವನ್ನೇ ಮೀಸಲಿಟ್ಟರು. ವಾರಕ್ಕೆ ಎರಡು ಸಲ ಆ ದಿನವನ್ನು ನೆನೆಯುವ ನಾವು ಅರ್ಧ ನಿಮಿಷವೂ ನಿಲ್ಲುವುದಿಲ್ಲ.

ನಿಲ್ಲದೆ ಓಡುವುದರ ಪರಿಣಾಮ ಕೋರಿಕೆಗಳ ಪಟ್ಟಿಯಲ್ಲಿ ಕಾಣುತ್ತದೆ. ಮಗನಿಗೆ ಗಲ್ಫಿನ ವೀಸಾ, ಮಗಳಿಗೆ ನರ್ಸಿಂಗ್ ಸೀಟು, ಅಡಿಕೆಗೆ ಬೆಲೆ. ಕೇಳುವುದು ತಪ್ಪಲ್ಲ. ಮಕ್ಕಳು ತಂದೆಯಲ್ಲಿ ಕೇಳದೆ ಮತ್ತಾರಲ್ಲಿ ಕೇಳಬೇಕು? ಆದರೆ ಸಿಕ್ಕಿದ್ದರ ಲೆಕ್ಕದಿಂದ ದೇವರನ್ನು ಅಳೆಯುವ ಚಟ ಹತ್ತಿದರೆ ವಿಶ್ವಾಸ ವ್ಯಾಪಾರವಾಗುತ್ತದೆ. ಧ್ಯಾನಕೂಟಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ಈ ಚಟಕ್ಕೆ ನೀರೆರೆಯುತ್ತದೆ. ಗುಣವಾದವರು ಮೈಕಿನ ಮುಂದೆ ಬರುತ್ತಾರೆ. ಗುಣವಾಗದೆಯೂ ಹತ್ತು ವರ್ಷ ಹಾಸಿಗೆಯ ಪಕ್ಕ ಕೂತು ಪ್ರಾರ್ಥಿಸಿದ ಹೆಂಗಸನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಸಾಕ್ಷಿ ಅವಳದು.

ತೋಟದಲ್ಲಿ ಇದೇ ಕೃಷಿಕ ಎಷ್ಟು ಜಾಣ ನೋಡಿ. ಮಳೆಗಾಲ ಹಿಡಿಯುವ ಮೊದಲೇ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಲೆಕ್ಕ ಹಾಕಿ ಬೋರ್ಡೋ ದ್ರಾವಣ ಮಾಡುತ್ತಾನೆ. ಕೊಳೆರೋಗ ಬಾರದಿರಲೆಂದು ಸಂಜೆ ಬೇಡುತ್ತಾನೆ, ಬೆಳಿಗ್ಗೆ ಮರಕ್ಕೆ ಮದ್ದು ಬಿಡುತ್ತಾನೆ. ಮದ್ದು ಬಿಟ್ಟರೆ ದೇವರ ಮೇಲಿನ ನಂಬಿಕೆ ಕಡಿಮೆಯಾಯಿತೆಂದು ಅವನಿಗೆ ಅನ್ನಿಸುವುದೇ ಇಲ್ಲ. ಅಡಿಕೆಯ ಬಗ್ಗೆ ಇರುವ ಈ ತಿಳಿವಳಿಕೆ ಮನುಷ್ಯರ ರೋಗ, ಸಾಲ, ಅನ್ಯಾಯದ ವಿಷಯಕ್ಕೆ ಬಂದಾಗ ಯಾಕೆ ಕೈಕೊಡುತ್ತದೆ? ಅಲ್ಲಿ ಮಾತ್ರ 'ದೇವಾಚಿ ಖುಶಿ', ದೇವರ ಇಚ್ಛೆ, ಎಂದು ಬಾಯಿಗೆ ಬೀಗ ಬೀಳುತ್ತದೆ.

ನೆರೆಯ ಎಣ್ಮಕಜೆ ಪಂಚಾಯತಿ ಈ ಬೀಗದ ಬೆಲೆ ಎಷ್ಟೆಂದು ತೋರಿಸಿದೆ. ಅಲ್ಲಿ 1978ರಿಂದ 2000ದವರೆಗೆ ಸರಕಾರಿ ನಿಗಮದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮಕ್ಕಳು ಅಂಗವಿಕಲರಾಗಿ ಹುಟ್ಟತೊಡಗಿದಾಗ ಅನೇಕರು ಅದು ದೈವದ ಮುನಿಸೆಂದೇ ತಿಳಿದಿದ್ದರು. ದೈವದ ಮುನಿಸು ಅನ್ನಿ, ದೇವರ ಚಿತ್ತ ಅನ್ನಿ, ಯಾವ ಮತದವರ ಬಾಯಲ್ಲಿ ಬಂದರೂ ಆ ಮಾತಿನಿಂದ ತಪ್ಪಿತಸ್ಥರಿಗೆ ಅನುಕೂಲವಾಯಿತು. ಅಲ್ಲಿನ ಪಡ್ರೆ ಊರಿನ ವೈದ್ಯರು, ಪತ್ರಕರ್ತರು ಪ್ರಶ್ನೆ ಕೇಳಿದ ಮೇಲೆಯೇ ಆಕಾಶದಿಂದ ಬಿದ್ದದ್ದು ಶಾಪವಲ್ಲ, ವಿಷ ಎಂಬ ಮಾತು ಹೊರಗೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಇಂಥ ನೆಲದಲ್ಲಿ ದೇವರ ಇಚ್ಛೆ ಎನ್ನುವ ಮೊದಲು ಇದು ಯಾರ ಇಚ್ಛೆ ಎಂದು ವಿಚಾರಿಸುವುದೂ ವಿಶ್ವಾಸಿಯ ಕರ್ತವ್ಯ.

ಕೊಂಕಣಿ ಕ್ರೈಸ್ತರ ಆಚರಣೆಗಳಲ್ಲಿ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುವುದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟಿದ ಹಬ್ಬ. ಅದಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಅದರ ಕಾಳು ಸುಲಿದು ಅರೆದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ದೂರದ ದೇಶದಲ್ಲಿರುವವರಿಗೆ ಕಾಳು ಅಂಚೆಯಲ್ಲಿ ಹೋಗುವುದೂ ಉಂಟು. ಇಲ್ಲಿ ಬೇಡಿಕೆಗಿಂತ ಹಂಚಿಕೆ ಮುಂದಿದೆ. ಆದರೆ ಗದ್ದೆಗಳು ಅಡಿಕೆ ತೋಟವಾದ ಮೇಲೆ ಹಲವರಿಗೆ ತೆನೆ ಬೇರೆ ಯಾರೋ ಬೆಳೆದ ವಸ್ತು. ಬಿತ್ತಿ, ಆಕಾಶ ನೋಡಿ ಕಾದವನ ನಂಬಿಕೆ ಹೋಗಿ ಬರಿಯ ಪದ್ಧತಿ ಉಳಿಯುವ ಅಪಾಯ ಹಬ್ಬಕ್ಕೂ ತಪ್ಪಿಲ್ಲ.

ಹಾಗಾದರೆ ಒಳ್ಳೆಯ ವಿಶ್ವಾಸಕ್ಕೆ ಮಾದರಿ ಎಲ್ಲಿದೆ? ಬಾಯಾರಿನ ಗುಡ್ಡೆಗಳಲ್ಲೇ ಇದೆ. ಈ ಭಾಗದವರು ನೀರಿಗಾಗಿ ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಒಬ್ಬ ಬಗ್ಗಿ ಹೋಗುವಷ್ಟು ದಾರಿ, ಕೈಯಲ್ಲಿ ಪಿಕ್ಕಾಸು, ಕೋಲಿನಲ್ಲಿ ಅಳತೆ. ಎಷ್ಟು ಕೋಲಿಗೆ ನೀರು ಸಿಕ್ಕೀತೆಂದು ಯಾರೂ ಬರೆದುಕೊಡುವುದಿಲ್ಲ. ಕೆಲವೊಮ್ಮೆ ಸಿಗುವುದೂ ಇಲ್ಲ. ಆದರೂ ಅಗೆಯುವವನು ಕಣ್ಣುಮುಚ್ಚಿ ಅಗೆಯುವುದಿಲ್ಲ. ಮೇಲಿನ ಗಿಡಮರ ನೋಡುತ್ತಾನೆ, ಮಣ್ಣಿನ ಪಸೆ ಮುಟ್ಟಿ ನೋಡುತ್ತಾನೆ, ಜತೆಗೆ ಒಂದು ಮೇಣದ ಬತ್ತಿ ಒಯ್ಯುತ್ತಾನೆ. ಬತ್ತಿ ಬೆಳಕಿಗೂ ಆಯಿತು, ಗಾಳಿಯ ಪರೀಕ್ಷೆಗೂ ಆಯಿತು. ಅದು ಮಂಕಾದರೆ ಹೊರಗೆ ಬರುತ್ತಾನೆ.

ಅಲ್ಲಿ ಉರಿಯುವುದು ಆಲ್ತಾರಿನ ಮುಂದೆ ಹಚ್ಚುವಂಥದೇ ಬತ್ತಿ. ಸುರಂಗದಲ್ಲಿ ಅದರ ಉರಿಯ ಮೇಲೆ ಸದಾ ಒಂದು ಕಣ್ಣಿರುತ್ತದೆ. ತೇರ್ಸ್ ಮುಗಿದ ಮೇಲೆ ನಾವು ಬತ್ತಿ ನಂದಿಸಿ ಊಟಕ್ಕೆ ಏಳುತ್ತೇವೆ. ಏಳುವ ಮೊದಲು ಅದರ ಬೆಳಕಿನಲ್ಲಿ ಒಮ್ಮೆ ಮನೆಯವರ ಮುಖ ನೋಡಿ, ನಾಳೆ ಯಾರ ಮನೆಗೆ ಹೋಗಬೇಕು, ಯಾವ ಕಚೇರಿಯಲ್ಲಿ ಯಾವ ಪ್ರಶ್ನೆ ಕೇಳಬೇಕು ಎಂದು ಮಾತಾಡಿಕೊಂಡರೆ ಆ ಐವತ್ತು ಮಣಿಗಳು ಐವತ್ತು ಕೋಲು ಅಗೆದಂತೆ. ನೀರು ಕೊಡುವುದು ಬಿಡುವುದು ದೇವರಿಗೆ ಬಿಟ್ಟದ್ದು, ಪಿಕ್ಕಾಸು ಹಿಡಿಯುವುದು ನಮ್ಮ ಪಾಲಿನದು.