ಇಗ್ವಾಸು: ಎರಡು ದೇಶಗಳ ಒಂದೇ ಕಾಡು

ಅರ್ಜೆಂಟೀನಾ ಮತ್ತು ಬ್ರೆಜಿಲ್ ನಡುವೆ ಗಡಿಯಾಗಿ ಹರಿಯುವ ಇಗ್ವಾಸು ನದಿಯ ಎರಡೂ ದಡಗಳಲ್ಲಿ ಅಟ್ಲಾಂಟಿಕ್ ಕಾಡಿನ ಉಪೋಷ್ಣವಲಯದ ಭಾಗ ಹಬ್ಬಿದೆ. ಒಂದು ಕಾಲಕ್ಕೆ ವಿಶಾಲವಾಗಿದ್ದ ಆ ಕಾಡು ಬೇಸಾಯಕ್ಕೂ ಮರಮುಟ್ಟಿಗೂ ಬಲಿಯಾಗಿ ಈಗ ತುಂಡು ತುಂಡಾಗಿ ಉಳಿದಿದೆ. ಅದರ ದೊಡ್ಡ ತುಂಡುಗಳಲ್ಲೊಂದು ಇಲ್ಲಿದೆ. ಅರ್ಜೆಂಟೀನಾ 1934ರಲ್ಲಿ, ಬ್ರೆಜಿಲ್ 1939ರಲ್ಲಿ ತಮ್ಮ ತಮ್ಮ ಕಡೆ ರಾಷ್ಟ್ರೀಯ ಉದ್ಯಾನ ಸ್ಥಾಪಿಸಿದವು. ಆ ಉದ್ಯಾನಗಳು ಕ್ರಮವಾಗಿ 1984 ಮತ್ತು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ನದಿ ಇಲ್ಲಿ ಜಲಪಾತವಾಗಿ ಧುಮುಕುತ್ತದೆ; ಆ ಜಲಪಾತವೇ ಒಂದು ಜೀವನೆಲೆ. ಕಪ್ಪುಗಂದು ಬಣ್ಣದ ಬಾನಾಡಿಗಳು ಧುಮ್ಮಿಕ್ಕುವ ನೀರಿನ ಪರದೆಯನ್ನು ಸೀಳಿಕೊಂಡು ಒಳಹೊಕ್ಕು, ಹಿಂದಿನ ಒದ್ದೆ ಬಂಡೆಗೆ ಉಗುರೂರಿ ನೇತಾಡುತ್ತವೆ; ಗೂಡು ಕಟ್ಟುವುದೂ ಅಲ್ಲೇ. ಬೇಟೆಗಾರ ಪ್ರಾಣಿಗಳಿಗೆ ಅಲ್ಲಿ ದಾರಿಯಿಲ್ಲ. ಕಾಲುದಾರಿಗಳಲ್ಲಿ ರೆಕ್ಕೆಯ ಕೆಳಮೈ ಮೇಲೆ '88' ಎಂದು ಬರೆದಂತೆ ಕಾಣುವ ಪುಟ್ಟ ಚಿಟ್ಟೆ ಬಂದವರ ತೋಳಿನ ಮೇಲೆ ಕೂತು ಬೆವರಿನ ಉಪ್ಪು ಹೀರುತ್ತದೆ. ಮರಗಳ ಮೇಲೆ ಟೂಕನ್ ಹಕ್ಕಿಗಳಿವೆ, ನೆಲದಲ್ಲಿ ಟೇಪಿರ್, ಕೋವಾಟಿ ಎಂಬ ಪ್ರಾಣಿಗಳಿವೆ.

ಕಾಡಿನ ಆರೋಗ್ಯಕ್ಕೆ ನಿಜವಾದ ಸಾಕ್ಷಿ ಜಾಗ್ವಾರ್. ಅದಕ್ಕೆ ಗಡಿಯ ಹಂಗಿಲ್ಲ. ಎರಡೂ ದೇಶಗಳ ಸಂಶೋಧಕರು ಕ್ಯಾಮೆರಾ ಅಳವಡಿಸಿ, ಮೈಮೇಲಿನ ಚುಕ್ಕೆಗಳಿಂದ ಒಂದೊಂದನ್ನೂ ಗುರುತಿಸಿ ಎಣಿಸುತ್ತಾರೆ. ಕಳ್ಳಬೇಟೆ, ವಾಹನ ಡಿಕ್ಕಿ, ಪಾಲ್ಮಿಟೊ ಎಂಬ ತಾಳೆ ಮರಗಳ ಕಳವು ಇಂದಿಗೂ ಇರುವ ಅಪಾಯಗಳು. ಆದ್ದರಿಂದಲೇ ಎರಡೂ ದಡಗಳ ಕಾವಲು ಒಂದಾಗಿ ಸಾಗುವುದು ಅಗತ್ಯ. ಒಂದು ಕಡೆ ಕಾಡು ಸೋತರೆ ಇನ್ನೊಂದು ಕಡೆಯ ಜಾಗ್ವಾರ್ ಉಳಿಯದು.