ದೊಡ್ಡಪ್ಪನ ಡಾಡ್ಜ್

ನವುಲೆಯ ನಮ್ಮ ದೊಡ್ಡಪ್ಪನ ಮನೆ ಜಗಲಿಯಲ್ಲಿ ಒಂದು ಸೋಫಾ ಇತ್ತು. ನಾಲ್ಕು ಹೆಂಗಸರು ಕೂತರೂ ಸೀರೆ ಮುದುಡುತ್ತಿರಲಿಲ್ಲ. ಹೊಸಬರು ಯಾವ ಅಂಗಡಿಯದೆಂದು ಕೇಳುತ್ತಿದ್ದರು. ಅದು ಅಂಗಡಿಯದಲ್ಲ, ದೊಡ್ಡಪ್ಪನ ಡಾಡ್ಜ್ ಕಾರಿನ ಹಿಂದಿನ ಸೀಟು. ಕಾರು ಗುಜರಿಗೆ ಹೋದ ದಿನ ದೊಡ್ಡಮ್ಮ ಅದೊಂದನ್ನು ಬಿಚ್ಚಿಸಿ ಇಟ್ಟುಕೊಂಡಿದ್ದರು.

ಆ ಕಾರನ್ನು ಗಂಡಸರು ಹೊಗಳುವುದನ್ನು ಬೇಕಾದಷ್ಟು ಕೇಳಿದ್ದೇನೆ. ಅದರಲ್ಲಿ ಸುಳ್ಳೇನೂ ಇಲ್ಲ. 1950ರ ದಶಕದ ಡಾಡ್ಜ್ ಕಿಂಗ್ಸ್‌ವೇ ಅದು. ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿ, ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಇಲ್ಲಿ ಜೋಡಿಸಿದ್ದು. ಮುಂದಿನ ಜಾಲರಿ, ಹೊಳೆಯುವ ಪಟ್ಟಿ ಬದಲಿಸಿ ಅದನ್ನೇ ಪ್ಲಿಮತ್ ಎಂದೂ ಡಿಸೋಟೊ ಎಂದೂ ಮಾರುತ್ತಿದ್ದರು. ಒಂದೇ ಸೀರೆಗೆ ಮೂರು ಬಾರ್ಡರು! ಆರು ಸಿಲಿಂಡರಿನ ಎಂಜಿನ್, ಸುಮಾರು 3.6 ಲೀಟರಿನದು. ಮುಂದೆ ನಾನು ಓಡಿಸಿದ ಮಾರುತಿ 800ರ ನಾಲ್ಕೂವರೆ ಪಟ್ಟು. ಟಾಪ್ ಗೇರಿನಲ್ಲೇ ಎತ್ತಿನಗಾಡಿಯ ಹಿಂದೆ ಸದ್ದಿಲ್ಲದೆ ತೆವಳಿ, ದಾರಿ ಬಿಟ್ಟೊಡನೆ ಹಾಗೆಯೇ ಮುಂದಕ್ಕೆ ಎಳೆಯುತ್ತಿತ್ತು.

ಇಂಥ ಕಾರು ನಮ್ಮಲ್ಲೇ ಆಗಬೇಕಿತ್ತೆಂಬುದು ದೊಡ್ಡಪ್ಪನ ಹಳೆಯ ಸಂಕಟ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ದಡ ಸೇರಿಸಿದ ವಿಶ್ವೇಶ್ವರಯ್ಯನವರೇ 1930ರ ದಶಕದಲ್ಲಿ ಕಾರಿನ ಕಾರ್ಖಾನೆಗೂ ಯೋಜನೆ ಹಾಕಿದ್ದರು. ವಾಲ್‌ಚಂದ್ ಹೀರಾಚಂದರು ಮುಂದೆ ಬಂದರು, ಮೈಸೂರು ಸರ್ಕಾರ ಒಪ್ಪಿತು, ಬ್ರಿಟಿಷರು ಒಪ್ಪಲಿಲ್ಲ. ಕೊನೆಗೆ ವಾಲ್‌ಚಂದರ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು.

ದೋಷಗಳೂ ಎಲ್ಲರಿಗೂ ಗೊತ್ತಿದ್ದವೇ. ಪೆಟ್ರೋಲು ಕುಡಿಯುತ್ತಿತ್ತು. ಆಗುಂಬೆ ಘಾಟಿಯಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ನೀರಿನ ಡಬ್ಬ ಯಾವಾಗಲೂ ನಮ್ಮ ಕಾಲ ಬುಡದಲ್ಲೇ. ಗಾಂಧಿಬಜಾರಿನಲ್ಲಿ ತಿರುಗಿಸಬೇಕೆಂದರೆ ಅರ್ಧ ಬಜಾರು ನಿಂತು ನೋಡುತ್ತಿತ್ತು. ಇದಕ್ಕೆಲ್ಲ ನನ್ನ ತಕರಾರಿಲ್ಲ. ನನ್ನ ತಕರಾರು ಮುಂದಿನ ಸೀಟಿನದು.

1966ರ ಒಂದು ರಾತ್ರಿ ಅಮ್ಮನಿಗೆ ಹೆರಿಗೆ ನೋವು ಬಂತು. ದೊಡ್ಡಪ್ಪ ಊರಲ್ಲಿರಲಿಲ್ಲ. ಕಾರು ಶೆಡ್ಡಿನಲ್ಲಿತ್ತು, ಬೀಗದ ಕೈ ಮೊಳೆಯಲ್ಲಿತ್ತು. ಅಮ್ಮ ಎತ್ತಿನಗಾಡಿಯಲ್ಲಿ ಹೋದಳು. ಆಸ್ಪತ್ರೆ ಕಾಣುವ ಮೊದಲೇ, ದಾರಿಯಲ್ಲೇ, ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟು ಹೆತ್ತಳು. ಇಬ್ಬರೂ ಉಳಿದರು. ಹನ್ನೊಂದು ದಿನದ ಸೂತಕ ಕಳೆದದ್ದೇ ದೊಡ್ಡಮ್ಮ, "ನನಗೆ ಕಾರು ಕಲಿಸಿ" ಎಂದರು.

ಸವಳಂಗ ರಸ್ತೆಯಲ್ಲಿ ಬೆಳಗಿನ ಹೊತ್ತು ಪಾಠ. ಹಿಂದೆ ನಾನೊಬ್ಬಳೇ ಮಹಾರಾಣಿಯ ಹಾಗೆ ಕೂತಿದ್ದೆ. ದೊಡ್ಡಮ್ಮ ಐದಡಿಗೂ ಕಡಿಮೆ, ಕ್ಲಚ್ಚಿಗೆ ಕಾಲೆಟುಕಲಿಲ್ಲ. ಸೀಟು ಮುಂದಕ್ಕೆ ಜರುಗಿಸಿದರು. ಆ ಕಾರಿನಲ್ಲಿ ಮುಂದಿನದೂ ಒಂದೇ ಉದ್ದನೆಯ ಸೀಟು, ಜರುಗಿದರೆ ಇಡಿಯಾಗಿ ಜರುಗಬೇಕು. ಪಕ್ಕದಲ್ಲಿದ್ದ ಆರಡಿ ದೊಡ್ಡಪ್ಪನ ಮೊಣಕಾಲು ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹಿಂದಕ್ಕೆ ತಳ್ಳಿದರೆ ದೊಡ್ಡಮ್ಮನ ಕಾಲು ಗಾಳಿಯಲ್ಲಿ. ಬೆನ್ನಿಗೆ ದಿಂಬು ಕೊಟ್ಟು ಕ್ಲಚ್ಚೇನೋ ಒತ್ತಿದರು. ಸ್ಟೇರಿಂಗು ಬೀಸುವ ಕಲ್ಲಿಗಿಂತ ಭಾರ.

"ಇದು ಹೆಂಗಸರ ಕೈಗಾಗೋ ಗಾಡಿಯಲ್ಲ ಕಣೇ" ಎಂದರು ದೊಡ್ಡಪ್ಪ, ಮೊಣಕಾಲು ತಿಕ್ಕಿಕೊಳ್ಳುತ್ತ.

"ಬೀಸೋ ಕಲ್ಲು ತಿರುಗಿಸಿದ ಕೈ ಇದು. ಸ್ಟೇರಿಂಗ್ ನಾನು ನೋಡ್ಕೋತೀನಿ. ನೀವು ಹಿಂದೆ ಹುಡುಗಿ ಪಕ್ಕ ಕೂತು ಹೇಳಿಕೊಡಿ, ನಾನು ಸೀಟು ಮುಂದಕ್ಕೆ ಎಳ್ಕೋತೀನಿ."

ನೀವೇ ಹೇಳಿ, ಇದಕ್ಕಿಂತ ಸರಿಯಾದ ಉಪಾಯ ಇತ್ತೇ? ದೊಡ್ಡಪ್ಪ ಹಿಂದೆ ಕೂರಲಿಲ್ಲ. ಕಾರು ಮನೆಗೆ ಬಂತು, ಓಡಿಸಿಕೊಂಡು ಬಂದದ್ದು ಅವರೇ. ಮತ್ತೆ ಆ ಮಾತು ಏಳಲಿಲ್ಲ.

ನಮ್ಮನ್ನು ಸುಖವಾಗಿ ಕೂರಿಸಲು ಅಷ್ಟು ಜಾಗ ಮಾಡಿದವರು, ನಮ್ಮಲ್ಲೊಬ್ಬಳು ಮುಂದೆ ಬಂದು ಕೂತಾಳೆಂದು ಎಣಿಸಿರಲಿಲ್ಲ. 1994ರಲ್ಲಿ ನಾನು ಮಾರುತಿ ಕಲಿಯುವಾಗ ಮೊದಲು ನೋಡಿದ್ದೇ ಸೀಟು. ಮುಂದಿನ ಎರಡೂ ಬೇರೆ ಬೇರೆ. ತಗಡು ತೆಳು, ಹಿಂದೆ ಮೂವರು ಕೂತರೆ ಉಸಿರುಗಟ್ಟುತ್ತದೆ, ನಿಜ. ನನ್ನ ಸೀಟು ಮಾತ್ರ ನನ್ನ ಕಾಲಿನ ಅಳತೆಗೆ ಬಂತು.

1973ರ ಕೊನೆಗೆ ಪೆಟ್ರೋಲಿನ ಬೆಲೆ ಏರಿದ ಮೇಲೆ ಡಾಡ್ಜ್ ಶೆಡ್ಡು ಬಿಟ್ಟು ಹೊರಬಂದದ್ದು ಕಡಿಮೆ. ಅದು ಹೋದ ಮೇಲೆ, ಕೊನೆಯವರೆಗೂ, ದೊಡ್ಡಪ್ಪ ದಿನಾ ಬೆಳಿಗ್ಗೆ ಪೇಪರು ಓದಲು ಕೂರುತ್ತಿದ್ದದ್ದು ಜಗಲಿಯ ಆ ಹಿಂದಿನ ಸೀಟಿನಲ್ಲಿ.